ಜೈನ ಪರಂಪರೆಯಲ್ಲಿ ಯೋಗ: ದೇಹಸ್ವಾಸ್ಥ್ಯ, ಮನಃಶಾಂತಿ ಮತ್ತು ಶ್ರಾವಕಾಚಾರ

ಯೋಗವೆಂದೊಡನೆ ಇಂದು ಎಲ್ಲರ ನೆನಪಿಗೆ ಬರುವುದು ಆಸನ ಮತ್ತು ಪ್ರಾಣಾಯಾಮ. ವಿಶ್ವಸಂಸ್ಥೆಯ ಮಹಾಸಭೆಯು 2014ರ ಡಿಸೆಂಬರ್ 11ರಂದು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಘೋಷಿಸಿತು. 2015ರಿಂದ ಅದರ ಆಚರಣೆ ನಡೆದುಬಂದಿದೆ. ಯೋಗಾಭ್ಯಾಸದಿಂದ ಕೀಲುಗಳು ಸಡಿಲಗೊಳ್ಳುತ್ತವೆ, ಬೆನ್ನುನೋವು ಶಮನಗೊಳ್ಳುತ್ತದೆ, ನಿದ್ರೆ ಸುಧಾರಿಸುತ್ತದೆ, ಮನಸ್ಸು ಹಗುರವಾಗುತ್ತದೆ ಎಂಬುದು ಅನೇಕರ ಅನುಭವ. ಇದು ಸಂತೋಷದ ಸಂಗತಿಯೇ. ಆದರೆ ಈ ಸ್ವಾಸ್ಥ್ಯವು ಯಾವ ತಳಹದಿಯ ಮೇಲೆ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಜೈನಾಚಾರ್ಯರು ಶತಮಾನಗಳ ಹಿಂದೆಯೇ ಎತ್ತಿದ್ದರು. ಅವರು ಕೊಟ್ಟ ಉತ್ತರವನ್ನು ಶ್ರಾವಕರು ಅರಿತಿರುವುದು ಅವಶ್ಯ.

ತತ್ತ್ವಾರ್ಥಸೂತ್ರದಲ್ಲಿ 'ಯೋಗ' ಶಬ್ದದ ಅರ್ಥವು ಇಂದಿನ ರೂಢಿಗಿಂತ ಭಿನ್ನವಾದುದು. ಕಾಯ, ವಚನ ಮತ್ತು ಮನಸ್ಸುಗಳ ಕ್ರಿಯೆಯೇ ಅಲ್ಲಿ ಯೋಗ. ಅದೇ ಕರ್ಮಗಳ ಆಸ್ರವಕ್ಕೆ ದ್ವಾರ. ಹೀಗಾಗಿ ಪ್ರಾಚೀನ ಗ್ರಂಥಗಳಲ್ಲಿ ಸಾಧನೆಯ ವಿಷಯವು ಸಂವರ, ತಪಸ್ಸು, ಧ್ಯಾನ ಎಂಬ ಹೆಸರುಗಳಲ್ಲಿ ನಿರೂಪಿತವಾಗಿದೆ. ಎಂಟನೆಯ ಶತಮಾನದ ಹರಿಭದ್ರಸೂರಿಗಳು ಈ ಶಬ್ದಕ್ಕೆ ಹೊಸ ವ್ಯಾಪ್ತಿಯನ್ನಿತ್ತರು. ಮೋಕ್ಷದೊಡನೆ ಜೀವನನ್ನು ಜೋಡಿಸುವ ಸಮಸ್ತ ಧರ್ಮಾಚರಣೆಯೂ ಯೋಗವೆಂದು ಅವರು ಪ್ರತಿಪಾದಿಸಿದರು. ತಮ್ಮ 'ಯೋಗದೃಷ್ಟಿಸಮುಚ್ಚಯ'ದಲ್ಲಿ ಪತಂಜಲಿಯ ಎಂಟು ಅಂಗಗಳಿಗೆ ಸಮನಾಗಿ ಮಿತ್ರಾದಿಯಾಗಿ ಪರಾ ಪರ್ಯಂತ ಎಂಟು ದೃಷ್ಟಿಗಳನ್ನು ವಿವರಿಸಿದರು. ಅನ್ಯಮತದ ಸಾಧಕರನ್ನೂ ಗೌರವದಿಂದ ಕಂಡ ಉದಾರ ಗ್ರಂಥವದು.

ಜೈನಧರ್ಮವು ದೇಹವನ್ನು ಕಡೆಗಣಿಸಿತೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಇದು ಪೂರ್ಣ ಸತ್ಯವಲ್ಲ. ಉತ್ತಮ ಸಂಹನನವುಳ್ಳವನಿಗೆ, ಅಂದರೆ ದೃಢವಾದ ಶರೀರರಚನೆಯುಳ್ಳವನಿಗೆ, ಅಂತರ್ಮುಹೂರ್ತದವರೆಗೆ ಏಕಾಗ್ರ ಧ್ಯಾನವು ಸಾಧ್ಯವೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಭಗವಾನ್ ಮಹಾವೀರರು ಋಜುಕೂಲಾ ನದೀತೀರದಲ್ಲಿ ಸಾಲವೃಕ್ಷದ ಬಳಿ ಕೇವಲಜ್ಞಾನ ಪಡೆದರು. ಆಗ ಅವರು ಹಸುವಿನ ಹಾಲು ಕರೆಯುವವನಂತೆ ಕುಳಿತ ಗೋದೋಹಿಕಾಸನದಲ್ಲಿದ್ದರೆಂದು ಕಲ್ಪಸೂತ್ರದಲ್ಲಿದೆ.

ಶ್ರಾವಕರಿಗೆ ಹೆಚ್ಚು ಪರಿಚಿತವಾದುದು ಕಾಯೋತ್ಸರ್ಗ. ಪಾದಗಳ ನಡುವೆ ನಾಲ್ಕು ಅಂಗುಲದ ಅಂತರವಿರಿಸಿ, ತೋಳುಗಳನ್ನು ನೀಳವಾಗಿ ಇಳಿಬಿಟ್ಟು, ದೇಹದ ಮೇಲಣ ಮಮತೆಯನ್ನು ತೊರೆದು ನಿಲ್ಲುವುದೇ ಇದರ ವಿಧಾನ. ಇದರ ಕಾಲವನ್ನು ಹಿಂದಿನವರು ಉಸಿರಿನಿಂದಲೇ ಅಳೆದರು. ಒಂದು ಣಮೋಕಾರಕ್ಕೆ ಮೂರು ಉಚ್ಛ್ವಾಸ, ಒಂಬತ್ತು ಣಮೋಕಾರಗಳಿಗೆ 27 ಉಚ್ಛ್ವಾಸ ಎಂಬ ಕ್ರಮ ಇಂದಿಗೂ ಬಳಕೆಯಲ್ಲಿದೆ. ಉಸಿರಾಟವು ನಿಧಾನವಾಗಿ, ನಿಶ್ವಾಸವು ದೀರ್ಘವಾದಾಗ ಹೃದಯದ ಬಡಿತ ತಗ್ಗುತ್ತದೆ, ಸ್ನಾಯುಗಳ ಬಿಗಿತ ಸಡಿಲವಾಗುತ್ತದೆ, ಉದ್ವೇಗ ಇಳಿಯುತ್ತದೆ ಎಂದು ಇಂದಿನ ಶರೀರಶಾಸ್ತ್ರ ತಿಳಿಸುತ್ತದೆ. 48 ನಿಮಿಷಗಳ ಸಾಮಾಯಿಕದಲ್ಲಿ ಕುಳಿತೇಳುವ ಶ್ರಾವಕನಿಗೆ ಈ ಲಾಭವು ಬೇಡದೆಯೇ ದೊರೆಯುತ್ತದೆ. ಆದರೆ ಅದು ಗುರಿಯಲ್ಲ. ಭತ್ತ ಬೆಳೆದವನಿಗೆ ಹುಲ್ಲೂ ದೊರೆತಂತೆ.

ಕೇವಲ ದೇಹದ ಸ್ಥೈರ್ಯ ಸಾಕಾಗದು ಎಂಬುದಕ್ಕೆ ಕನ್ನಡ ನಾಡಿನ ಕಣ್ಣೆದುರಿಗೇ ದೊಡ್ಡ ನಿದರ್ಶನವಿದೆ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಮಾಡಿಸಿದ ಸುಮಾರು 58 ಅಡಿ ಎತ್ತರದ ಬಾಹುಬಲಿಯ ಮೂರ್ತಿಯು ಕಾಯೋತ್ಸರ್ಗದ ಮೂರ್ತಿಯೇ ಆಗಿದೆ. ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದರೂ ಆತನು ಅಲುಗಲಿಲ್ಲ. ಒಂದು ವರ್ಷ ಹಾಗೆಯೇ ನಿಂತನು. ಆದರೂ ಕೇವಲಜ್ಞಾನ ಕೂಡಲೇ ಉದಯಿಸಲಿಲ್ಲ. ತನ್ನಿಂದ ಅಗ್ರಜನಾದ ಭರತನಿಗೆ ನೋವಾಯಿತೆಂಬ ಕ್ಲೇಶವು ಮನದೊಳಗೆ ಉಳಿದಿತ್ತು. ಭರತನು ಬಂದು ಪೂಜಿಸಿದಾಗಲೇ ಅದು ಕರಗಿತು ಎಂದು ಜಿನಸೇನಾಚಾರ್ಯರ ಮಹಾಪುರಾಣ ನಿರೂಪಿಸುತ್ತದೆ. ಬೆಟ್ಟದಂತೆ ನಿಂತ ಶರೀರದೊಳಗೂ ಒಂದು ಸಣ್ಣ ಶಲ್ಯವು ಉಳಿಯಬಲ್ಲುದು.

ಈ ತತ್ತ್ವವನ್ನು ಗೃಹಸ್ಥರಿಗಾಗಿ ಶಾಸ್ತ್ರರೂಪದಲ್ಲಿ ಅಳವಡಿಸಿದವರು ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು. ಗುಜರಾತಿನ ಚಾಲುಕ್ಯರಾಜ ಕುಮಾರಪಾಲನ ಪ್ರಾರ್ಥನೆಯಂತೆ ಅವರು 'ಯೋಗಶಾಸ್ತ್ರ'ವನ್ನು ರಚಿಸಿದರು. ರಾಜ್ಯಭಾರದಲ್ಲಿ ಮುಳುಗಿದ್ದ ಅರಸನಿಗಾಗಿ ಬರೆದ ಗ್ರಂಥದಲ್ಲಿ ಆಸನಗಳೇ ಮೊದಲು ಬರಬೇಕೆಂದು ಇಂದಿನ ಓದುಗರು ಭಾವಿಸಬಹುದು. ಆದರೆ ಹನ್ನೆರಡು ಪ್ರಕಾಶಗಳ ಈ ಗ್ರಂಥದಲ್ಲಿ ಆಸನಗಳ ಪ್ರಸ್ತಾಪ ಬರುವುದು ನಾಲ್ಕನೆಯ ಪ್ರಕಾಶದ ಕೊನೆಯಲ್ಲಿ. ಅದಕ್ಕೆ ಮುಂಚೆ ರತ್ನತ್ರಯ, ಅಣುವ್ರತಗಳು, ಗುಣವ್ರತ ಶಿಕ್ಷಾವ್ರತಗಳು, ಕಷಾಯಜಯ ಮತ್ತು ದ್ವಾದಶಾನುಪ್ರೇಕ್ಷೆಗಳ ನಿರೂಪಣೆಯಿದೆ. ಯಾವ ಆಸನದಿಂದ ಮನಸ್ಸು ಸ್ಥಿರವಾಗುವುದೋ ಅದೇ ಧ್ಯಾನಕ್ಕೆ ತಕ್ಕ ಆಸನವೆಂಬುದು ಅವರ ಮತ.

ಪ್ರಾಣಾಯಾಮದ ವಿಷಯದಲ್ಲಿಯೂ ಆಚಾರ್ಯರದು ಸಮತೂಕದ ನಿಲುವು. ಅದರಿಂದ ಜಠರಾಗ್ನಿ ಪ್ರಬಲವಾಗುವುದು, ದೇಹ ಹಗುರವಾಗುವುದು ಮೊದಲಾದ ಲಾಭಗಳನ್ನು ಐದನೆಯ ಪ್ರಕಾಶದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾರೆ. ಆರನೆಯದರಲ್ಲಿ, ಬಲವಂತದ ಪ್ರಾಣನಿರೋಧದಿಂದ ದೇಹಕ್ಕೆ ಆಯಾಸ, ಆಯಾಸದಿಂದ ಚಿತ್ತಕ್ಕೆ ಕ್ಷೋಭೆ ಉಂಟಾಗುವುದರಿಂದ ಅದು ಮೋಕ್ಷಕ್ಕೆ ಸಾಧನವಾಗದು ಎಂದು ಎಚ್ಚರಿಸಿದ್ದಾರೆ. ದೇಹಲಾಭವನ್ನು ಅಲ್ಲಗಳೆಯದೆ, ಅದಕ್ಕೆ ತಕ್ಕ ಸ್ಥಾನವನ್ನು ಮಾತ್ರ ಕೊಟ್ಟ ಕ್ರಮವಿದು.

ಇನ್ನೂ ಗಮನಾರ್ಹವಾದುದು ಮೊದಲನೆಯ ಪ್ರಕಾಶದ ಕೊನೆಯ ಭಾಗ. ಧರ್ಮಕ್ಕೆ ಅರ್ಹನಾದ ಗೃಹಸ್ಥನಿಗೆ ಇರಬೇಕಾದ 35 ಗುಣಗಳನ್ನು ಅಲ್ಲಿ ಪಟ್ಟಿ ಮಾಡಲಾಗಿದೆ. ಅವುಗಳಲ್ಲಿ ಪ್ರಥಮ ಗುಣವೇ ನ್ಯಾಯಸಂಪನ್ನವಿಭವ, ಅಂದರೆ ನ್ಯಾಯದಿಂದ ಗಳಿಸಿದ ಸಂಪತ್ತು. ಯೋಗಗ್ರಂಥವೊಂದು ಗೃಹಸ್ಥನನ್ನು ಮೊದಲು ಕೇಳುವುದು ಅವನ ಬೆನ್ನು ನೆಟ್ಟಗಿದೆಯೇ ಎಂದಲ್ಲ, ಅವನ ಲೆಕ್ಕಪುಸ್ತಕ ನೆಟ್ಟಗಿದೆಯೇ ಎಂದು. ನ್ಯಾಯಾರ್ಜಿತ ಧನವು ಉಭಯಲೋಕಗಳಿಗೂ ಹಿತವೆಂದು ಹರಿಭದ್ರಸೂರಿಗಳೂ 'ಧರ್ಮಬಿಂದು'ವಿನಲ್ಲಿ ಹೇಳಿ, ಅದನ್ನು ಶಂಕೆಯಿಲ್ಲದೆ ಅನುಭವಿಸಬಹುದೆಂಬ ಕಾರಣವನ್ನು ಕೊಟ್ಟಿದ್ದರು.

ಈ ಕಾರಣವು ಬಹಳ ವ್ಯಾವಹಾರಿಕವಾದುದು. ಕದ್ದ ಸರಕನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಕೀಳನ್ನು ಬೆರೆಸುವುದು ಇವುಗಳನ್ನು ಅಚೌರ್ಯಾಣುವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಇವುಗಳಲ್ಲಿ ತೊಡಗಿದವನ ಮನಸ್ಸು ಕಣ್ಣು ಮುಚ್ಚಿದಾಗಲೂ ಅಂಗಡಿಯಲ್ಲೇ ಇರುತ್ತದೆ. ಬಚ್ಚಿಟ್ಟ ಲೆಕ್ಕ ಬಯಲಾದೀತೆಂಬ ಭಯ, ಪಾಲುದಾರನ ಮೇಲಿನ ಸಂಶಯ, ಗಿರಾಕಿಗೆ ಆಡಿದ ಸುಳ್ಳಿನ ನೆನಪು ಇವೆಲ್ಲವೂ ಉಸಿರಿನೊಡನೆ ಏರಿಳಿಯುತ್ತವೆ. ಬೆಳಗ್ಗೆ ಅರ್ಧ ಗಂಟೆಯ ಅಭ್ಯಾಸದಿಂದ ಇಳಿದ ಉದ್ವೇಗವು ಹತ್ತು ಗಂಟೆಯ ವಹಿವಾಟಿನಲ್ಲಿ ಮತ್ತೆ ಏರಿದರೆ ಆಶ್ಚರ್ಯವೇನು? ಅಣುವ್ರತವೆಂಬುದು ಪರಲೋಕಕ್ಕೆ ಮಾತ್ರ ಮೀಸಲಾದ ನಿಯಮವಲ್ಲ. ನಿತ್ಯದ ಮನಸ್ವಾಸ್ಥ್ಯಕ್ಕೂ ಅದೇ ಪಥ್ಯ.

ಆಧುನಿಕ ಕಾಲದಲ್ಲಿಯೂ ಈ ಪರಂಪರೆ ಬತ್ತಿಲ್ಲ. ತೇರಾಪಂಥದ ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿ ಕಾಯೋತ್ಸರ್ಗ, ಶ್ವಾಸಪ್ರೇಕ್ಷೆ, ಅನುಪ್ರೇಕ್ಷೆಗಳಿಗೆ ಮುಖ್ಯ ಸ್ಥಾನವಿದೆ. ಅವರ ಗುರುಗಳಾದ ಆಚಾರ್ಯ ತುಳಸಿಯವರು 1949ರಲ್ಲಿಯೇ ಅಣುವ್ರತ ಆಂದೋಲನವನ್ನು ಆರಂಭಿಸಿದ್ದರು. ವ್ರತ ಮೊದಲು, ಧ್ಯಾನ ಆಮೇಲೆ ಎಂಬ ಹಳೆಯ ಕ್ರಮವೇ ಇಲ್ಲಿಯೂ ಕಾಣಿಸುತ್ತದೆ.

ಬಸದಿಗಳ ಆಡಳಿತ ಮಂಡಲಿಗಳು ಯೋಗಶಿಬಿರಗಳನ್ನು ಏರ್ಪಡಿಸುವುದು ಸ್ತುತ್ಯವಾದ ಕಾರ್ಯ. ವೃದ್ಧರಿಗೂ ಗೃಹಿಣಿಯರಿಗೂ ಮಕ್ಕಳಿಗೂ ಅದರಿಂದ ಹಿತವಿದೆ. ಆ ಶಿಬಿರಗಳಲ್ಲಿ ಆಸನಗಳ ಜೊತೆಗೆ ವಿಧಿಪೂರ್ವಕವಾದ ಸಾಮಾಯಿಕವನ್ನೂ, ದಿನದ ತಪ್ಪುಗಳನ್ನು ಆಲೋಚಿಸುವ ಪ್ರತಿಕ್ರಮಣವನ್ನೂ, ಅಣುವ್ರತಗಳ ಅತಿಚಾರಗಳನ್ನೂ ಕಲಿಸಿದರೆ ಪೂರ್ವಾಚಾರ್ಯರ ಯೋಗವು ಪೂರ್ಣವಾಗಿ ತಲುಪಿದಂತಾಗುವುದು. ಮಂಡಲಿಗಳು ತಮ್ಮ ಲೆಕ್ಕಪತ್ರಗಳನ್ನು ಸಮಾಜದ ಮುಂದೆ ತೆರೆದಿಡುವುದೂ ಅದೇ ಸಾಧನೆಯ ಭಾಗವೇ. ತಕ್ಕಡಿಯ ಮುಳ್ಳು ನೇರವಾಗಿ ನಿಂತ ಮನೆಯಲ್ಲಿ ಮನಸ್ಸೂ ನೇರವಾಗಿ ನಿಲ್ಲುವುದನ್ನು ಕಲಿಯುತ್ತದೆ.