ಬಾಣಂತಿ ಸನ್ನಿ, ಮಾತ್ರೆ ಮತ್ತು ಎದೆಹಾಲು



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಎಷ್ಟೋ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಹೆತ್ತ ಹೆಣ್ಣುಮಗಳು ನಿದ್ದೆಗೆಟ್ಟು ಏನೇನೋ ಮಾತಾಡತೊಡಗಿದರೆ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುವವರೂ ಉಂಟು. ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೀಗೇ ಆಯಿತು. ಮಾತ್ರೆಯಿಂದ ಗುಣ ಕಂಡಿತ್ತು. ಹಾಲಿನಲ್ಲಿ ವಿಷ ಇಳಿಯುತ್ತದೆ ಎಂದು ಮನೆಯವರೇ ನಿಲ್ಲಿಸಿದರು. ಕಾಯಿಲೆ ಮತ್ತೆ ಬಂತು.

ಹಾಲಿಗೂ ಹುಚ್ಚಿಗೂ ಗಂಟು ಹಾಕುವುದು ನಮ್ಮವರದ್ದು ಮಾತ್ರವಲ್ಲ. 18ನೇ ಶತಮಾನದಲ್ಲೂ ಯುರೋಪಿನ ವೈದ್ಯರು ಹಾಲು ತಲೆಗೇರಿ ಬುದ್ಧಿ ಕೆಡುತ್ತದೆಂದು ನಂಬಿದ್ದರು! 1858ರಲ್ಲಿ ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ ಬಸುರಿ, ಬಾಣಂತಿಯರ ಮನೋರೋಗದ ಮೇಲೆಯೇ ಒಂದು ಗ್ರಂಥ ಬರೆದರು. ಲಿಥಿಯಂ 1949ರಲ್ಲಿ, ಕ್ಲೋರ್‌ಪ್ರೋಮಝೀನ್ 1952ರಲ್ಲಿ ಚಿಕಿತ್ಸೆಗೆ ಬಂದವು. ರೋಗಕ್ಕೆ ಮದ್ದೇನೋ ಸಿಕ್ಕಿತು, ಮಗುವಿನ ಗತಿಯೇನು ಎಂಬ ಪ್ರಶ್ನೆ ಅಲ್ಲಿಂದ ಶುರು. ತಾಯಿ ಆಸ್ಪತ್ರೆಗೆ, ಕೂಸು ಅಜ್ಜಿಯ ಮಡಿಲಿಗೆ, ಹಾಲು ಬತ್ತುತ್ತಿತ್ತು. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ 1948ರಲ್ಲೇ ತಾಯಿಯ ಜೊತೆ ಮಗುವನ್ನೂ ಇಟ್ಟುಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ತಾಯಿ-ಮಗು ವಾರ್ಡು ತೆರೆದದ್ದು 2009ರಲ್ಲಿ. ತಿರುಪ್ಪೂರು ಜಿಲ್ಲೆಯಾದದ್ದೂ ಅದೇ ವರ್ಷ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದೇ ಹೇಳಿದೆ.

ಇನ್ನು ಮಾತ್ರೆಯ ವಿಷಯ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ. ಲಿಥಿಯಂ ಹೆಚ್ಚು ಇಳಿಯುತ್ತದೆ. ಹಾಲೂಡಿಸುವುದಾದರೆ ಮಗುವಿನ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಕ್ಲೋಝಪೀನ್ ತೆಗೆದುಕೊಳ್ಳುವ ತಾಯಿ ಹಾಲೂಡಿಸುವುದು ಬೇಡ ಎನ್ನುವ ವೈದ್ಯರೇ ಹೆಚ್ಚು. ಅರಿಪಿಪ್ರಝೋಲ್ ಕೆಲವರಲ್ಲಿ ಹಾಲನ್ನೇ ಕಡಿಮೆ ಮಾಡುತ್ತದೆ, ಆಗ ಮನೆಯವರು ತಾಯಿಯನ್ನು ಬೈಯುತ್ತಾರೆ, ಪಾಪ. ಮಗು ತಿಂಗಳು ತುಂಬದೆ ಹುಟ್ಟಿದ್ದರೆ, ಅತಿಯಾಗಿ ಮಂಪರಿನಲ್ಲಿದ್ದರೆ, ಸರಿಯಾಗಿ ಹಾಲು ಚೀಪದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಹೆರಿಗೆಯಾದ ಮೊದಲ ವಾರಗಳಲ್ಲಿ ಅದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಕೊಯಮತ್ತೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ. ಫೋನಿನಲ್ಲಿ ಕೇಳುವುದಾದರೆ 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್, ಸಂಖ್ಯೆ 14416. ನಮ್ಮ ವಿದ್ಯಾರ್ಥಿನಿ ಎರಡನೇ ಹೆರಿಗೆಗೆ ಮುಂಚೆಯೇ ವೈದ್ಯರನ್ನು ಕಂಡಳು. ಮಾತ್ರೆ ಬದಲಿಸಿ ಕೊಟ್ಟರು, ಹಾಲೂ ಕುಡಿಸಿದಳು. ಆ ಮಗು ಈಗ ಒಂದನೇ ತರಗತಿ.