ಮನೆಯಂಗಳಕ್ಕೆ ಬಂದ ನೆರಳು

ಹೋದ ವರ್ಷ ಹೂಮಳೆ ಮುಗಿದ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ. “ಸರ್, ಊರಿನ ಮನೆಯ ಹಿಂದಿರುವ ಐದು ಸಿಲ್ವರ್ ಮರಗಳನ್ನೂ ತೆಗೆಸಿಬಿಡೋಣ ಎಂದರೆ ಅಮ್ಮ ಒಪ್ಪುತ್ತಿಲ್ಲ. ನೀವೊಂದು ಮಾತು ಹೇಳಿ” ಎಂದ. ಹೆತ್ತೂರಿನಿಂದ ಬಿಸಿಲೆಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ತಾಯಿ ಒಬ್ಬರೇ ಇದ್ದಾರೆ. ಅವರು ಮಲಗುವ ಕೋಣೆಯ ಹೆಂಚಿನ ಮೇಲೆಯೇ ಎರಡು ಮರಗಳ ಕೊಂಬೆಗಳು ಚಾಚಿಕೊಂಡಿವೆ. ಆದರೆ ಐದೂ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ; ಮರಗಳನ್ನು ನೆಟ್ಟವರು ಈಗಿಲ್ಲದ ಅವರ ಯಜಮಾನರು. ತಾಯಿ ಮಗನ ನಡುವಿನ ವ್ಯಾಜ್ಯಕ್ಕೆ ಮೇಷ್ಟ್ರು ಹೋಗಬಾರದೆಂದು ಬಲ್ಲೆ. ಆದರೂ ಹೋದೆ. ಅಲ್ಲಿ ನಡೆದದ್ದನ್ನು ಹೇಳುವ ಮೊದಲು, ಈ ಮರಗಳು ನಮ್ಮ ಮನೆಗಳ ಬೆನ್ನಿಗೆ ಹೇಗೆ ಬಂದು ನಿಂತವು ಎಂಬುದನ್ನು ನಿಮಗೆ ಹೇಳಬೇಕು. ಇತಿಹಾಸ ಪಾಠ ಮಾಡಿದವನ ಚಟ, ಕ್ಷಮಿಸಿ.

ನಮ್ಮ ಸಕಲೇಶಪುರ ತಾಲ್ಲೂಕಿನ ಹಿಂದಿನ ಹೆಸರು ಮಂಜರಾಬಾದ್. ಇಲ್ಲಿ ಕಾಫಿ ಮೊದಲು ಹಿತ್ತಲಿನ ಬೆಳೆಯಾಗಿತ್ತು. ಹಲಸಿನ ನೆರಳಿನಲ್ಲಿ ಮನೆಮಟ್ಟಿಗೆ ನಾಲ್ಕಾರು ಗಿಡಗಳು. 1843ರಲ್ಲಿ ಗ್ರೀನ್ ಎಂಬ ಆಂಗ್ಲ ಸಾಹುಕಾರನು ದಕ್ಷಿಣ ಮಂಜರಾಬಾದಿನ ಐಗೂರಿನ ಬಳಿ ತೋಟ ತೆರೆದನು. 1856ರ ಸುಮಾರಿಗೆ ರಾಬರ್ಟ್ ಎಲಿಯಟ್ ಬಂದನು. ಆ ಕಾಲದ ಅನೇಕ ಸಾಹೇಬರಿಗೆ ಕಾಡನ್ನು ಬೋಳಿಸಿ ಬಯಲಿನಲ್ಲಿ ಕಾಫಿ ಬೆಳೆಯಬಹುದೆಂಬ ನಂಬಿಕೆಯಿತ್ತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಆ ನಂಬಿಕೆಯನ್ನು ಮುರಿಯಿತು. ಬಿಸಿಲಿಗೆ ತೆರೆದ ತೋಟಗಳು ಸಾಲುಸಾಲಾಗಿ ಒಣಗಿದವು. ಮದರಾಸು ಸರ್ಕಾರದ ಪರವಾಗಿ ಜಾರ್ಜ್ ಬಿಡಿ ಎಂಬ ವೈದ್ಯನು ತೋಟಗಳನ್ನು ತಿರುಗಿ ನೋಡಿ 1869ರಲ್ಲಿ ವರದಿ ಕೊಟ್ಟನು. ನೆರಳಿರುವಲ್ಲಿ ಹುಳುವಿನ ಹಾವಳಿ ಕಡಿಮೆ ಎಂಬುದು ಅದರ ಮುಖ್ಯ ಮಾತು. ಎಲಿಯಟ್ ತನ್ನ ಅನುಭವಗಳನ್ನು 1894ರಲ್ಲಿ ಪುಸ್ತಕವಾಗಿ ಬರೆದಾಗ ನೆರಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಯಾವ ಮರದ ನೆರಳು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಬಸರಿ, ಗೋಣಿ, ಹಲಸುಗಳನ್ನು ನಮ್ಮ ಕನ್ನಡದ ಹೆಸರುಗಳಿಂದಲೇ ವಿಚಾರಿಸುತ್ತಾನೆ. ನಮ್ಮ ಹಿರಿಯರಿಗೆ ತಿಳಿದಿದ್ದುದನ್ನು ತಿಳಿಯಲು ಸಾಹೇಬರಿಗೆ ಒಂದು ತಲೆಮಾರಿನ ಲುಕ್ಸಾನು ಬೇಕಾಯಿತು.

ಸಿಲ್ವರ್ ಮರವು ಈ ಕಥೆಗೆ ತಡವಾಗಿ ಸೇರಿದ ಪಾತ್ರ. ಅದರ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಚಹಾ, ಕಾಫಿ ತೋಟಗಳ ನೆರಳಿಗೆಂದು ಭಾರತಕ್ಕೆ ತಂದರು. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆ ಕೊಡುತ್ತದೆ, ಪ್ಲೈವುಡ್ಡಿನವರು ಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಬೀಟೆಯಂತಹ ಮರವನ್ನು ಸ್ವಂತ ಜಮೀನಿನಲ್ಲಿಯೂ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಸಿಲ್ವರಿಗೂ ಹಾಲವಾಣಕ್ಕೂ ಆ ಕಟ್ಟಳೆಯಿಲ್ಲ. ಕಡಿಯಲು ಸುಲಭವಾದ ಮರವನ್ನೇ ಜನ ನೆಡುತ್ತಾರೆ. ಕಾಡುಮರಗಳನ್ನು ಉಳಿಸಲು ಮಾಡಿದ ಕಾನೂನು ಕಾಡುಮರ ನೆಡುವವರ ಉತ್ಸಾಹವನ್ನು ಹೀಗೆ ಕುಗ್ಗಿಸಿತೆಂದು ನನ್ನ ಅಭಿಪ್ರಾಯ. ಒಪ್ಪದವರು ಜಗಳಕ್ಕೆ ಬರಬಹುದು, ಕಾಫಿ ಕೊಡುತ್ತೇನೆ.

ತೋಟದ ಮರ ತೋಟದಲ್ಲಿಯೇ ಇದ್ದಿದ್ದರೆ ಈ ಲೇಖನ ಬೇಕಿರಲಿಲ್ಲ. ಮಕ್ಕಳು ಪಾಲಾದಾಗ ತೋಟದ ನಡುವೆಯೇ ಮನೆ ಕಟ್ಟಿದೆವು. ಅಂಗಳಕ್ಕೆ, ಕಾಫಿ ಕಣಕ್ಕೆ, ಜೀಪು ಬರುವ ದಾರಿಗೆಂದು ಮೂರು ಕಡೆ ಮರ ತೆಗೆದು ಒಂದು ಕಡೆ ಮಾತ್ರ ಉಳಿಸಿದೆವು. ಗುಂಪಿನಲ್ಲಿ ನಿಂತ ಮರಗಳು ಗಾಳಿಯನ್ನು ಹಂಚಿಕೊಳ್ಳುತ್ತವೆ. ಒಂಟಿಯಾದದ್ದು ಅಷ್ಟನ್ನೂ ತಾನೇ ತಡೆಯಬೇಕು. ಅಮೆರಿಕದ ಫ್ಲಾರಿಡಾದಲ್ಲಿ 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಎಂಬ ಚಂಡಮಾರುತ ಬೀಸಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯದವರು ಊರಿನ ಮರಗಳನ್ನು ಎಣಿಸಿ ನೋಡಿದರು. ಗುಂಪಿನ ಮರಗಳು ಒಂಟಿ ಮರಗಳಿಗಿಂತ ಹೆಚ್ಚು ಉಳಿದಿದ್ದವು, ಕ್ರಮವಾಗಿ ಕೊಂಬೆ ಸವರಿದ್ದವು ಸವರದವುಗಳಿಗಿಂತ ಹೆಚ್ಚು ಉಳಿದಿದ್ದವು. ಇದರ ಮೇಲೆ ನಾವು ಮಾಡುವ ಅಪಚಾರಗಳೂ ಇವೆ. ತಳಪಾಯ ತೆಗೆಯುವಾಗ ಒಂದು ಪಕ್ಕದ ಬೇರನ್ನು ಕತ್ತರಿಸುತ್ತೇವೆ, ಉಳಿದ ಮಣ್ಣನ್ನು ಬುಡಕ್ಕೇ ಒಟ್ಟುತ್ತೇವೆ, ಆಮೇಲೆ ಸಿಮೆಂಟು ಹಾಕುತ್ತೇವೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ನೆಲ ನೀರು ಕುಡಿದು ಮೆತ್ತಗಾದಾಗ ಗಾಳಿ ಬಂದರೆ ಆ ಮರ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? 2018ರ ಆಗಸ್ಟಿನಲ್ಲಂತೂ ಕೊಡಗಿನಲ್ಲಿಯೂ ನಮ್ಮ ತಾಲ್ಲೂಕಿನಲ್ಲಿಯೂ ಗುಡ್ಡವೇ ಕುಸಿದು ಮರಗಳು ನಿಂತ ನೆಲದ ಸಮೇತ ಜಾರಿದವು. ಅದಕ್ಕೆ ಮರವನ್ನು ದೂರುವಂತಿಲ್ಲ.

ಈಗ ಮರಗಸಿಯ ಮಾತು. (ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಕ್ಕಳಿಗಾಗಿ: ತೋಟದ ಮರಗಳ ಕೊಂಬೆ ಸವರಿ ನೆರಳನ್ನು ಹದ ಮಾಡುವುದಕ್ಕೆ ಮರಗಸಿ ಎನ್ನುತ್ತೇವೆ.) ನನ್ನ ಬಾಲ್ಯದಲ್ಲಿ ನಮ್ಮ ತೋಟಕ್ಕೆ ಬರುತ್ತಿದ್ದ ಮರಗಸಿಯ ಹಿರಿಯರೊಬ್ಬರು ಮರ ಹತ್ತುವ ಮುಂಚೆ ಬುಡವನ್ನು ಒಂದು ಸುತ್ತು ಬಂದು, ಕತ್ತಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ದಪ್ಪ ಕೊಂಬೆಯಾದರೆ ಮೊದಲು ಅಡಿಯಿಂದ ಒಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿಯುತ್ತಿದ್ದರು. ಏಕೆಂದು ಕೇಳಿದರೆ, “ಸಿಪ್ಪೆ ಸುಲಿದುಕೊಂಡು ಹೋಗಬಾರದು ಮಗ” ಎನ್ನುತ್ತಿದ್ದರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಪಟ್ಟಿಯೊಂದಿರುತ್ತದೆ. ಅದನ್ನು ಎಂದೂ ಮುಟ್ಟುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಲೆಕ್ಸ್ ಶೈಗೊ ಎಂಬ ಅಮೆರಿಕದ ಅರಣ್ಯ ವಿಜ್ಞಾನಿಯ ವಿಚಾರಗಳನ್ನು ಓದಿದಾಗ ಆ ಹಿರಿಯರು ನೆನಪಾದರು. ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿದವನು. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ, ಆ ಉಬ್ಬು ಪಟ್ಟಿ ಉಳಿದರೆ ಗೋಡೆ ಗಟ್ಟಿಯಾಗುತ್ತದೆ ಎಂದು ಅವನು ತೋರಿಸಿಕೊಟ್ಟನು. ಕಡಿದ ಜಾಗಕ್ಕೆ ಡಾಂಬರು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲವೆಂಬುದೂ ಅವನ ಮಾತೇ.

ಇಂದು ಮನೆಯ ಬಳಿಯ ಸಿಲ್ವರಿಗೆ ಮಾಡುವುದೇ ಬೇರೆ. ಎತ್ತರವಾಯಿತೆಂದು ಭಯಪಟ್ಟು ತಲೆಯನ್ನೇ ಕಡಿಸುತ್ತಾರೆ. ಕಡಿದ ತುದಿಯಿಂದ ಐದಾರು ಚಿಗುರುಗಳು ಪೈಪೋಟಿಯಿಂದ ಎದ್ದು ಹತ್ತು ವರ್ಷಗಳಲ್ಲಿ ತೊಡೆಗಾತ್ರವಾಗುತ್ತವೆ. ಅವುಗಳ ಬುಡದಲ್ಲಿ ಕಾಂಡ ಕೊಳೆಯುತ್ತಿರುತ್ತದೆ. ಭಯಕ್ಕೆ ಮಾಡಿದ ಉಪಾಯವೇ ಭಯದ ಕಾರಣವಾಗುತ್ತದೆ. ಇನ್ನು ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಮರಗಸಿಯವರು ಪ್ರಾಣ ಬಿಟ್ಟ ಸುದ್ದಿಯಿಲ್ಲದ ವರ್ಷ ನಮ್ಮ ಸೀಮೆಯಲ್ಲಿ ಅಪರೂಪ. ತಂತಿ ಹತ್ತಿರವಿದ್ದರೆ, ಅದರಲ್ಲಿ ವಿದ್ಯುತ್ ಕಡಿತ ಮಾಡಿಸಿದ ಹೊರತು ಯಾರನ್ನೂ ಮರ ಹತ್ತಿಸಬೇಡಿ. ಕೂಲಿ ಕೊಡುವವರು ನೀವು, ಆ ಹೊಣೆಯೂ ನಿಮ್ಮದು.

ವಿದ್ಯಾರ್ಥಿಯ ಮನೆಗೆ ಹೋದವನು ಬುಡಗಳನ್ನು ಸುತ್ತಿ ನೋಡಿದೆ. ಕೋಣೆಯ ಪಕ್ಕದ ಎರಡು ಮರಗಳ ತಲೆ ಹಿಂದೆಂದೋ ಕಡಿದಿದ್ದರು. ಕಣ ಮಾಡುವಾಗ ಬೇರೂ ಹೋಗಿತ್ತು. ಒಂದರ ಬುಡದಲ್ಲಿ ಅಣಬೆ ಎದ್ದಿತ್ತು. ಉಳಿದ ಮೂರು ನೆಟ್ಟಗಿದ್ದವು, ಬುಡ ಗಟ್ಟಿಯಾಗಿತ್ತು, ಬಿದ್ದರೂ ಮನೆಗೆ ಎಟುಕದಷ್ಟು ದೂರದಲ್ಲಿದ್ದವು. ಎರಡನ್ನು ತೆಗೆಸಿ, ಮೂರಕ್ಕೆ ಹದವಾಗಿ ಮರಗಸಿ ಮಾಡಿಸಿ ಎಂದೆ. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಳ್ಳಿ ಹೋಗುತ್ತಲ್ಲ ಮೇಷ್ಟ್ರೇ, ಅವರು ಕೈಯಾರೆ ಹಬ್ಬಿಸಿದ್ದು” ಎಂದರು. ಅವರ ಅಡ್ಡಿ ಮೆಣಸಿನ ರೇಟಿನದಲ್ಲ ಎಂಬುದು ನನಗೆ ಆಗ ಹೊಳೆಯಿತು, ಮಗನಿಗೆ ಹೊಳೆದಿರಲಿಲ್ಲ. ಬುಡದಿಂದ ನೆಲದ ಮೇಲೆ ಹರಿದ ಹಬ್ಬು ಬಳ್ಳಿಗಳನ್ನು ಕತ್ತರಿಸಿ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೇರು ಬರಿಸಿದರೆ ಅದೇ ಬಳ್ಳಿ ಮುಂದುವರಿಯುತ್ತದೆ ಎಂದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತಷ್ಟೆ. ಅಂದೇ ಸಂಜೆ ಕುಡುಗೋಲು ಹಿಡಿದು ಕುಳಿತರು.

ಮೇ ತಿಂಗಳ ಮೊದಲ ವಾರ ಎರಡು ಮರಗಳನ್ನು ಹಗ್ಗ ಕಟ್ಟಿ ತುಂಡುತುಂಡಾಗಿ ಇಳಿಸಿದರು. ತಲೆ ಕಡಿದಿದ್ದ ಜಾಗದಿಂದ ಕೆಳಕ್ಕೆ ಎರಡಾಳು ಉದ್ದದಷ್ಟು ತಿರುಳು ಕಂದುಬಣ್ಣದ ಪುಡಿಯಾಗಿತ್ತು. ರಜೆ ಹಾಕಿ ಬಂದಿದ್ದ ಮಗ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ತಾಯಿಗೆ ತೋರಿಸಿದ. ಅವರು ನೋಡಿ, ಕಣ ಗುಡಿಸಲು ಹೋದರು.

ಆ ವರ್ಷ ಆರಿದ್ರಾ ಮಳೆಯಲ್ಲಿ ಹನ್ನೊಂದು ಬಳ್ಳಿಗಳನ್ನು ಹಿತ್ತಲಿನ ಹಲಸಿನ ಬುಡಕ್ಕೂ ಹಾಲವಾಣದ ಕಂಬಗಳಿಗೂ ನೆಟ್ಟರು. ಒಂಬತ್ತು ಚಿಗುರಿವೆ. ಮೊನ್ನೆ ಹೋದಾಗ ನನಗೂ ಎರಡು ಚೀಲ ಕೊಟ್ಟು ಕಳುಹಿಸಿದರು.