ನಮ್ಮ ಅಡಿಗೆಮನೆಗೆ ಸಕ್ಕರೆ ಬಂದ ದಾರಿ

ರೋಣದ ನಮ್ಮ ಅಜ್ಜಿಯ ಅಡಿಗೆಮನೆಯಲ್ಲಿ ತುಪ್ಪದ ಗಡಿಗೆ ನೆಲುವಿನ ಮೇಲೆ ತೂಗುತ್ತಿತ್ತು. ಬೆಲ್ಲದ ಪೆಂಟೆ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಿರುತ್ತಿತ್ತು. ಖಾರದ ಪುಡಿ, ಶೇಂಗಾ, ಗುರೆಳ್ಳು ಎಲ್ಲ ಸಾಲು ಗಡಿಗೆಗಳಲ್ಲಿ. ಸಕ್ಕರೆ ಮಾತ್ರ ತಗಡಿನ ಡಬ್ಬಿಯಲ್ಲಿ. ಆ ಡಬ್ಬಿ ಗೋಡೆಯ ಕಪಾಟಿನಲ್ಲಿ. ಕಪಾಟಿನ ಕೀಲಿಕೈ ಅಜ್ಜಿಯ ಸೆರಗಿನ ಗಂಟಿನಲ್ಲಿ. ಇದು 1960ರ ದಶಕದ ಮಾತು. ಇಂದು ಅದೇ ಮನೆಯಲ್ಲಿ ಸಕ್ಕರೆಯ ಡಬ್ಬಿ ಒಲೆಯ ಮಗ್ಗುಲಲ್ಲೇ ಇರುತ್ತದೆ. ಕೀಲಿಯ ಮಾತಿರಲಿ, ದಿನಕ್ಕೆ ಆರೇಳು ಸಲ ತೆರೆಯುವ ಡಬ್ಬಿಗೆ ಮುಚ್ಚಳವೇಕೆಂದು ಅದನ್ನೂ ಯಾರೂ ಹಾಕುವುದಿಲ್ಲ. ಈ ಎರಡು ಡಬ್ಬಿಗಳ ನಡುವೆ ನಮ್ಮ ಕಡೆಯ ಮನೆಗಳಲ್ಲಿ ನಡೆದುಹೋದ ಕಥೆಯೇ ಇಂದಿನ ನನ್ನ ಮಾತಿನ ವಿಷಯ. ರಾಜರ ಪಟ್ಟಾಭಿಷೇಕ, ಕಾಳಗಗಳ ಇತಿಹಾಸ ಬರೆದವರು ಬಹಳ ಜನ. ಬಾಯಿಯ ರುಚಿಗೂ ಒಂದು ಇತಿಹಾಸವಿದೆಯೆಂಬುದು ನಮಗೆ ತಡವಾಗಿ ಹೊಳೆಯುತ್ತದೆ. ಕೆಲವೊಮ್ಮೆ ವೈದ್ಯರು ಚೀಟಿ ಬರೆದುಕೊಟ್ಟ ಮೇಲೆ.

ಸಕ್ಕರೆ ಈ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಕಬ್ಬಿನ ಹಾಲಿನಿಂದಾಗುವ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂಬ ಐದನ್ನು ಒಂದೇ ಸಾಲಿನಲ್ಲಿ ಹೆಸರಿಸುತ್ತದೆ. ಶರ್ಕರಾ ಎಂದರೆ ಮೂಲದಲ್ಲಿ ಹರಳು, ಮರಳು. ಅದೇ ಪ್ರಾಕೃತದ ಬಾಯಲ್ಲಿ ಸವೆದು ನಮ್ಮ ಸಕ್ಕರೆಯಾಯಿತು; ಅರಬರ ಮೂಲಕ ಪಶ್ಚಿಮಕ್ಕೆ ಹೋಗಿ ಅಲ್ಲಿನ ಭಾಷೆಗಳಲ್ಲೆಲ್ಲ ನೆಲೆಸಿತು. ಗಜೇಂದ್ರಗಡದ ಹತ್ತಿರದ ಸೂಡಿಯನ್ನು ನೆಲೆಯಾಗಿ ಮಾಡಿಕೊಂಡು 11ನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದವಳು ಚಾಲುಕ್ಯ ಮನೆತನದ ಅಕ್ಕಾದೇವಿ. ಅದೇ ಮನೆತನದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗದ ಭಾಗವನ್ನು ಓದಿದರೆ, ಹಾಲು ಒಡೆಸಿ, ಹಿಟ್ಟು ಬೆರೆಸಿ, ಕರಿದು, ಸಕ್ಕರೆಯ ಪಾಕಕ್ಕೆ ಹಾಕುವ ಭಕ್ಷ್ಯವೂ ಅಲ್ಲಿ ಸಿಕ್ಕುತ್ತದೆ. ಆದರೆ ಅದು ಅರಸನ ಭೋಗದ ಪುಸ್ತಕ. ಸೂಡಿಯ ಗುಡಿಗಳಿಗೆ ಕಲ್ಲು ಹೊತ್ತವನ ಬುತ್ತಿಯಲ್ಲಿ ಏನಿತ್ತೆಂದು ಅದು ಹೇಳುವುದಿಲ್ಲ.

ಆ ಬುತ್ತಿಯಲ್ಲಿ ಜೋಳವಿತ್ತೆಂದು ಊಹಿಸಲು ನೆಲವನ್ನು ನೋಡಿದರೆ ಸಾಕು. ರೋಣ, ನರಗುಂದದ ಸುತ್ತಿನದು ಬಹುಪಾಲು ಎರೆಭೂಮಿ. ಜೋಳ, ಹತ್ತಿ, ಗೋಧಿ, ಕಡಲೆ, ಕುಸುಬೆ, ಹೆಸರು ಇಲ್ಲಿಯ ಬೆಳೆಗಳು. ಮಳೆ ಬಂದರೆ ಬೆಳೆ, ಇಲ್ಲವಾದರೆ ಬರ. 1876ರಿಂದ 78ರವರೆಗಿನ ಮಹಾಕ್ಷಾಮದ ಪೆಟ್ಟು ತಿಂದ ಸೀಮೆಯಿದು. ಮಲಪ್ರಭೆಯ ಕಾಲುವೆ ಬಂದದ್ದು 1970ರ ದಶಕದಲ್ಲಿ. ಆ ನೀರಿನ ಕರದ ಸಲುವಾಗಿಯೇ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬಂಡೆದ್ದು ಗುಂಡಿಗೆ ಎದೆಯೊಡ್ಡಿದರು. ಇಂಥ ನೆಲದಲ್ಲಿ ವರ್ಷವಿಡೀ ನೀರು ಕುಡಿಯುವ ಕಬ್ಬು ಮನೆಯ ಬೆಳೆಯಾಗುವುದು ಹೇಗೆ? ಬೆಲ್ಲ ಸಹ ನಮಗೆ ಹೊರಗಿನಿಂದಲೇ ಬರಬೇಕು. ಮಹಾಲಿಂಗಪುರದ ಬೆಲ್ಲ, ಕೊಲ್ಲಾಪುರದ ಬೆಲ್ಲವೆಂದು ಸಂತೆಯಲ್ಲಿ ಊರಿನ ಹೆಸರು ಹಿಡಿದು ಕೇಳುತ್ತಿದ್ದರು. ಕಾಸು ಕೊಟ್ಟು ತಂದ ವಸ್ತುವನ್ನು ಯಾರೂ ದಿನವೂ ತಿನ್ನುವುದಿಲ್ಲ.

ಹಾಗಾಗಿ ನಮ್ಮ ಹಿರಿಯರ ಮನೆಗಳಲ್ಲಿ ಸಿಹಿಗೆ ಪಂಚಾಂಗವಿತ್ತು. ಯುಗಾದಿಗೆ ಬೇವು ಬೆಲ್ಲ, ಮೇಲೊಂದು ಹೋಳಿಗೆ. ನಾಗರ ಪಂಚಮಿಗೆ ಎಳ್ಳಿನುಂಡೆ, ಶೇಂಗಾದ ಉಂಡೆ, ತಂಬಿಟ್ಟು. ಜೋಕಾಲಿಯಾಡಿ ಬಂದ ಹೆಣ್ಣುಮಕ್ಕಳ ಉಡಿಯಲ್ಲಿ ಅವು. ಮೊಹರಮ್ಮಿಗೆ ಅಲೈ ದೇವರ ಮುಂದೆ ಹಿಂದೂ ಮುಸಲ್ಮಾನರಿಬ್ಬರೂ ಓದಿಸಿಕೊಂಡು ಬರುತ್ತಿದ್ದ ಸಕ್ಕರೆ, ಮನೆಯಲ್ಲಿ ಚೊಂಗೆ. ಶೀಗಿ ಹುಣ್ಣಿಮೆಗೂ ಎಳ್ಳಮವಾಸ್ಯೆಗೂ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಬುಟ್ಟಿಯಲ್ಲಿ ಶೇಂಗಾದ ಹೋಳಿಗೆ, ಕಡುಬು. ಸಂಕ್ರಾಂತಿಗೆ ಕುಸುರೆಳ್ಳು. ಮದುವೆಗೆ ಗೋಧಿ ಹುಗ್ಗಿ ಇಲ್ಲವೆ ಮಾದಲಿ. ಬಾಣಂತಿಗೆ ಅಂಟಿನುಂಡೆ. ಇವುಗಳ ನಡುವಿನ ದಿನಗಳಲ್ಲಿ ರೊಟ್ಟಿ, ಪಲ್ಯ, ಕಾಳು, ಖಾರ, ಮೊಸರು. ವರ್ಷದಲ್ಲಿ ಸಿಹಿಯುಂಡ ದಿನಗಳನ್ನು ಅಜ್ಜಿ ಬೆರಳ ಗೆರೆಯ ಮೇಲೆ ಎಣಿಸಬಲ್ಲವಳಾಗಿದ್ದಳು.

ಶುದ್ಧ ಬಿಳಿ ಸಕ್ಕರೆಗೆಂದೇ ಮೀಸಲಾದ ಹಬ್ಬವೆಂದರೆ ಗೌರಿ ಹುಣ್ಣಿಮೆ, ಕಾರ್ತಿಕ ಮಾಸದ್ದು. ಅದರ ಬಗ್ಗೆ ಎರಡು ಮಾತು ಹೆಚ್ಚು ಹೇಳಿದರೆ ಕೇಳುಗರು ಬೇಸರಿಸಬಾರದು. ಹಬ್ಬಕ್ಕೆ ವಾರವಿರುವಾಗ ಕಟ್ಟಿಗೆಯ ಅಚ್ಚುಗಳು ಅಟ್ಟದಿಂದ ಇಳಿಯುತ್ತಿದ್ದವು. ಎರಡು ಹೋಳಿನ ಅಚ್ಚು. ಒಳಗೆ ಆನೆ, ಕುದುರೆ, ಗಿಳಿ, ಬಸವಣ್ಣ, ತೇರು ಕೊರೆದಿರುತ್ತಿತ್ತು. ಅಚ್ಚನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ದಾರದಿಂದ ಬಿಗಿದು ನಿಲ್ಲಿಸುವರು. ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ತುಸು ಹಾಲು ಬಿಟ್ಟು, ಮೇಲೆ ಬಂದ ಕಲ್ಮಶವನ್ನು ತೆಗೆದು, ಪಾಕ ಹದಕ್ಕೆ ಬಂದೊಡನೆ ಅಚ್ಚಿಗೆ ಹೊಯ್ಯುವರು. ಹದ ಒಂದು ಕ್ಷಣ ತಪ್ಪಿದರೆ ಆನೆಗೆ ಸೊಂಡಿಲಿಲ್ಲ. ಹುಣ್ಣಿಮೆಯ ಸಂಜೆ ಆ ಬಿಳಿಯ ಗೊಂಬೆಗಳನ್ನು ಆರತಿಯ ತಟ್ಟೆಯಲ್ಲಿ ದೀಪದ ಸುತ್ತ ಇಟ್ಟುಕೊಂಡು ಹುಡುಗಿಯರು ಸಾಲಾಗಿ ಗೌರಿಯ ಗುಡಿಗೆ ಹೋಗುವ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರುತ್ತಿತ್ತು. ಆ ಗೊಂಬೆಗಳನ್ನು ತಕ್ಷಣ ತಿನ್ನುವಂತಿಲ್ಲ. ದಿನ ಬಿಟ್ಟು ದಿನ ಕುದುರೆಯ ಕಿವಿ, ಆನೆಯ ಕಾಲು ಎಂದು ಮುರಿದು ಕೊಡುವರು. ಆ ಚೂರು ನಾಲಿಗೆಯ ಮೇಲೆ ಕರಗುವವರೆಗೆ ನಾವು ಮಾತಾಡುತ್ತಿರಲಿಲ್ಲ.

ಇದನ್ನೆಲ್ಲ ಹೇಳುವಾಗ ಹಿರಿಯರು ಸಂಯಮಿಗಳಾಗಿದ್ದರೆಂದು ಹೊಗಳುವ ಆಸೆಯಾಗುತ್ತದೆ. ಅದು ಅರ್ಧ ಸುಳ್ಳು. ಅಜ್ಜಿ ಕೀಲಿ ಹಾಕಿದ್ದು ಆರೋಗ್ಯಕ್ಕಾಗಿ ಅಲ್ಲ, ದುಡ್ಡಿಲ್ಲದ್ದಕ್ಕಾಗಿ. ಕೂಲಿಯವರ ಮನೆಯ ಮಕ್ಕಳಿಗೆ ಪಂಚಮಿಯ ಉಂಡೆಯೂ ಯಾರಾದರೂ ಕೊಟ್ಟರೆ ಉಂಟು.

ಈಗ ಎರಡನೆಯ ಡಬ್ಬಿಯ ಕಡೆಗೆ ಬರೋಣ. 1880ರ ದಶಕದಲ್ಲಿ ಗದುಗಿನಿಂದ ಹೊಟಗಿಗೆ ರೈಲು ಹಾದಿ ಬಿದ್ದು ಹೊಳೆಆಲೂರಿನಲ್ಲಿ ಗಾಡಿ ನಿಲ್ಲತೊಡಗಿತು. ದೂರದ ಸರಕು ಹತ್ತಿರವಾಯಿತು. 20ನೆಯ ಶತಮಾನದ ಆರಂಭದಲ್ಲಿ ಪೇಟೆಗಳಲ್ಲಿ ಜಾವಾದ ಸಕ್ಕರೆಯದೇ ದರ್ಬಾರು. 1932ರಲ್ಲಿ ಸರಕಾರ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ನಾಲ್ಕೈದು ವರ್ಷಗಳಲ್ಲಿ ಮೂವತ್ತರ ಸುಮಾರಿನಲ್ಲಿದ್ದ ಕಾರ್ಖಾನೆಗಳು ನೂರಮೂವತ್ತನ್ನು ದಾಟಿದವು. ಮಂಡ್ಯದ ಕಂಪನಿ 1933ರದು, ನಮ್ಮ ಬೆಳಗಾವಿ ಜಿಲ್ಲೆಯ ಉಗಾರದ್ದು 1939ರದು. ಹೀಗೆ ಸಕ್ಕರೆಯೇನೋ ಬಂತು. ಆದರೆ ಅದನ್ನು ದಿನದ ವಸ್ತುವನ್ನಾಗಿ ಮಾಡಿದ್ದು ಕಾರ್ಖಾನೆಯಲ್ಲ, ಚಹಾ.

ಚಹಾಕ್ಕಾಗಿ ನಮ್ಮವರು ಹಾತೊರೆದಿರಲಿಲ್ಲವೆಂಬುದನ್ನು ಮರೆಯಬಾರದು. 1903ರಲ್ಲೇ ಚಹಾದ ಮೇಲೆ ಕರ ಹಾಕಿ ಅದರ ಪ್ರಚಾರಕ್ಕೆ ಹಣ ಕೂಡಿಸುವ ಕಾನೂನಾಗಿತ್ತು. 1930ರ ದಶಕದ ಮುಗ್ಗಟ್ಟಿನಲ್ಲಿ ಹೊರದೇಶದ ವ್ಯಾಪಾರ ಕುಸಿದಾಗ ತೋಟಗಳ ಒಡೆಯರ ಕಣ್ಣು ಈ ದೇಶದ ಕೋಟಿ ಬಾಯಿಗಳ ಮೇಲೆ ಬಿತ್ತು. ರೈಲು ನಿಲ್ದಾಣ, ಸಂತೆ, ಜಾತ್ರೆಗಳಲ್ಲಿ ಪುಕ್ಕಟೆ ಚಹಾ ಕುಡಿಸಿ ರುಚಿ ಹತ್ತಿಸಿದರು. ಕಹಿಯೂ ಒಗರೂ ಆದ ಆ ಸೊಪ್ಪಿನ ನೀರನ್ನು ಹಾಲು ಸಕ್ಕರೆಯಿಲ್ಲದೆ ನಮ್ಮ ನಾಲಿಗೆ ಒಪ್ಪುವಂತಿರಲಿಲ್ಲ. ಹೀಗೆ ಒಂದು ಅಭ್ಯಾಸದ ಹೆಗಲೇರಿ ಇನ್ನೊಂದು ಬಂತು. ಆಮೇಲೆ, 1960ರ ನಂತರ, ಹರಳು ಹರಳಾದ ಅಗ್ಗದ ಚಹಾಪುಡಿ ಹಳ್ಳಿಯ ಅಂಗಡಿಗೂ ಇಳಿಯಿತು.

ಬಿಸಿಲಲ್ಲಿ ನಡೆದು ಬಂದ ಅತಿಥಿಗೆ ಅಜ್ಜಿಯ ಕಾಲದಲ್ಲಿ ಮೊದಲು ಕೊಡುತ್ತಿದ್ದುದು ಒಂದು ಬೆಲ್ಲದ ಚೂರು, ಒಂದು ತಂಬಿಗೆ ನೀರು. ಅವ್ವನ ಕಾಲಕ್ಕೆ ಆ ಜಾಗದಲ್ಲಿ ಕಪ್ಪುಬಸಿ ಬಂದು ಕುಳಿತಿತು. ಬೆಲ್ಲದ ಚೂರು ಅತಿಥಿಗೆ ಮಾತ್ರ. ಚಹಾ ಹಾಗಲ್ಲ, ಅತಿಥಿಯ ಜೊತೆ ಮನೆಯವರೂ ಕುಡಿಯಬೇಕು. ಮತ್ತೆ ಮನೆಯವರೆಲ್ಲ ಕೂಡಿದಾಗ, ಎದ್ದಾಗ, ಹೊಲದಿಂದ ಬಂದಾಗ. ಮರ್ಯಾದೆಯ ಅಳತೆ ಸಕ್ಕರೆಯ ಅಳತೆಯಾಯಿತು. ರೇಶನ್ ಕಾರ್ಡಿನ ಮೇಲೆ ತೂಕ ಮಾಡಿ ಸಕ್ಕರೆ ಕೊಡುತ್ತಿದ್ದ ಕಾಲದಲ್ಲಿ ಆ ಮರ್ಯಾದೆ ಇನ್ನೂ ದೊಡ್ಡದು. 1978ರ ಆಗಸ್ಟಿನಲ್ಲಿ ಸಕ್ಕರೆಯ ನಿಯಂತ್ರಣವನ್ನು ಪೂರ್ತಿ ತೆಗೆದರು. 1979ರ ಡಿಸೆಂಬರಿನಲ್ಲಿ ಮತ್ತೆ ಹೇರಿದರು. ಸರದಿಯಲ್ಲಿ ನಿಂತು ತಂದ ಸಕ್ಕರೆಯನ್ನು ಬೀಗರ ಚಹಾಕ್ಕೆ ಧಾರಾಳವಾಗಿ ಸುರಿಯುವುದರಲ್ಲಿ ಒಂದು ಅಭಿಮಾನವಿತ್ತು. ದೇಶದಲ್ಲಿ ತಲೆಗೆ ವರ್ಷಕ್ಕೆ ದೊರೆಯುತ್ತಿದ್ದ ಸಕ್ಕರೆ 1960ರ ಸುಮಾರಿಗೆ 5 ಕಿಲೋ. 1990ರ ಹೊತ್ತಿಗೆ 12 ಕಿಲೋ ಮೀರಿತು. ಈಗ 20ರ ಆಸುಪಾಸು. ಕೊರತೆ ಹೋಯಿತು, ಕೊರತೆಯ ಕಾಲದ ಧಾರಾಳತನ ಮಾತ್ರ ಉಳಿಯಿತು.

ನಮ್ಮ ಅಪ್ಪ ಊರಿನ ಹಿರಿಯರಲ್ಲೊಬ್ಬರು. ಹೊಲದ ಬದುವಿನ ಜಗಳ, ಮದುವೆಯ ಮಾತು, ಎಲ್ಲಕ್ಕೂ ಅವರಿಗೆ ಕರೆ. ಹೋದಲ್ಲೆಲ್ಲ ಚಹಾ. ಬೇಡವೆಂದರೆ ಆ ಮನೆಯವರ ಮನಸ್ಸು ಮುರಿಯುತ್ತದೆ. ಬಡವರ ಮನೆಯಾದರಂತೂ ಹೆಚ್ಚು. ರಕ್ತದಲ್ಲಿ ಸಕ್ಕರೆಯಿದೆಯೆಂದು ತಿಳಿದ ಮೇಲೂ ಅವರು ಯಾರ ಮನೆಯ ಬಟ್ಟಲನ್ನೂ ಮರಳಿಸಲಿಲ್ಲ. ಒಂದು ಸುಗ್ಗಿಯಲ್ಲಿ ಅವರ ಬಲಗಾಲಿಗೆ ಜಾಲಿಮುಳ್ಳು ನಟ್ಟಿತು. ಈ ರೋಗ ನರಗಳನ್ನು ಮಂಕುಗೊಳಿಸುತ್ತದೆ. ಅವರಿಗೆ ನೋವೇ ತಿಳಿಯಲಿಲ್ಲ. ಮುಳ್ಳಿದೆಯೆಂದು ಅವ್ವ ಕಂಡಾಗ ಗಾಯ ಕಪ್ಪಾಗಿತ್ತು. ಮೊದಲು ಎರಡು ಬೆರಳು ಹೋದವು, ಆಮೇಲೆ ಪಾದ. ಸಕ್ಕರೆ ತಿಂದದ್ದರಿಂದಲೇ ಈ ರೋಗ ಬರುತ್ತದೆಂಬ ಸರಳ ಲೆಕ್ಕವನ್ನು ವೈದ್ಯರು ಒಪ್ಪುವುದಿಲ್ಲ. ಮನೆತನದ ಬಳುವಳಿ, ಬೊಜ್ಜು, ಮೈಗೆಲಸದ ಕೊರತೆ ಎಲ್ಲವೂ ಸೇರುತ್ತವೆ. ಕುಳಿತು ಸಿಹಿಯುಣ್ಣುವವರ ರೋಗವೆಂದು ಸುಶ್ರುತನೂ ಗುರುತಿಸಿದ್ದ. ಆದರೆ ಬಂದ ಮೇಲೆ ದಿನಕ್ಕೆ ಹತ್ತು ಬಟ್ಟಲು ಚಹಾ ಏನು ಮಾಡುತ್ತದೆಂಬುದನ್ನು ನಾವು ಮನೆಯಲ್ಲೇ ಕಂಡೆವು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ ಈ ರೋಗವಿರುವವರು ಸುಮಾರು 10 ಕೋಟಿ.

ಗಜೇಂದ್ರಗಡಕ್ಕೆ ಕೊಟ್ಟ ನಮ್ಮ ಅಕ್ಕನಿಗೂ ಐವತ್ತು ದಾಟಿದ ಮೇಲೆ ಅದೇ ರೋಗ ಬಂತು. ಮೊದಮೊದಲು ತನಗೊಂದು ಬೇರೆ ಪಾತ್ರೆಯಲ್ಲಿ ಸಪ್ಪನ ಚಹಾ ಕಾಸಿಕೊಳ್ಳುತ್ತಿದ್ದಳು, ಮನೆಮಂದಿಗೆಲ್ಲ ಹಿಂದಿನಂತೆಯೇ. ಒಂದು ದಿನ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಬಟ್ಟಲಿಗೆ ಎರಡು ಚಮಚವೆಂದರೆ 10 ಗ್ರಾಮ್. ದಿನಕ್ಕೆ ನಾಲ್ಕು ಬಟ್ಟಲು, 40 ಗ್ರಾಮ್. ಐದು ಜನಕ್ಕೆ 200. ತಿಂಗಳಿಗೆ 6 ಕಿಲೋ, ಬರೀ ಚಹಾಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಒಳ್ಳೆಯ ಮಿತಿ ಒಬ್ಬ ವಯಸ್ಕನಿಗೆ ಎಲ್ಲ ಸೇರಿ ದಿನಕ್ಕೆ 25 ಗ್ರಾಮಿನ ಸುಮಾರು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನನ್ನ ಒಬ್ಬಾಕಿ ಪಾತ್ರಿ ಬ್ಯಾರೆ ಮಾಡಿ ಏನ್ ಉಪಯೋಗ ತಮ್ಮಾ? ನಾಳಿಗೆ ಈ ಹುಡುಗರದ್ದೂ ಇದೇ ಹಾದಿ" ಎಂದಳು.

ಸಕ್ಕರೆಯ ಬದಲು ಬೆಲ್ಲ ಹಾಕೋಣವೆಂದು ಸೊಸೆ ಸೂಚಿಸಿದಳು. ಈ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬೆಲ್ಲದ ಚಹಾದ ಅಂಗಡಿಗಳೇ ಎದ್ದಿವೆ. ನನಗೆ ಇದು ಇತಿಹಾಸವನ್ನು ತಪ್ಪಾಗಿ ಓದಿದ್ದರ ಫಲವೆನಿಸುತ್ತದೆ. ಬೆಲ್ಲದಲ್ಲಿ ತುಸು ಖನಿಜಾಂಶ ಹೆಚ್ಚಿರಬಹುದು, ಉಳಿದದ್ದು ಸಕ್ಕರೆಯೇ. ಅಜ್ಜಿಯನ್ನು ಕಾಯ್ದದ್ದು ಬೆಲ್ಲವಲ್ಲ, ಬೆಲ್ಲದ ನಡುವೆ ಬರುತ್ತಿದ್ದ ಬರಿಯ ದಿನಗಳು. ಅಕ್ಕನಿಗೆ ಇದು ನನಗಿಂತ ಬೇಗ ತಿಳಿಯಿತು. ಒಂದೇ ಪಾತ್ರೆಯಲ್ಲಿ ಮನೆಗೆಲ್ಲ ಚಹಾ ಕಾಸಿ, ಸಕ್ಕರೆಯನ್ನು ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ಚಮಚ ಇಳಿಸುತ್ತ ಬಂದಳು. ಹುಡುಗರು ಒಂದು ವಾರ ಗೊಣಗುವರು, ಮರುವಾರ ಮರೆಯುವರು. ನಾಲ್ಕರ ಚಹಾ ಎರಡಕ್ಕಿಳಿಯಿತು; ಬಿಸಿಲಿಗೆ ಮಜ್ಜಿಗೆ ಬಂತು. ಹೋಳಿಗೆ, ಉಂಡೆಗಳನ್ನು ಆಕೆ ಮುಟ್ಟಲಿಲ್ಲ. ಅವು ತಮ್ಮ ತಮ್ಮ ಹಬ್ಬಗಳಲ್ಲೇ ಉಳಿದವು. ಗೌರಿ ಹುಣ್ಣಿಮೆಗೆ ಅಚ್ಚುಗಳು ಈಗಲೂ ಅಟ್ಟದಿಂದ ಇಳಿಯುತ್ತವೆ.

ಉಳಿದದ್ದು ಬೀಗರ ಪ್ರಶ್ನೆ. ಮೊಮ್ಮಗಳ ಮಾತುಕತೆಗೆ ಅವರು ಬಂದ ದಿನ ಮನೆಯಲ್ಲಿ ಸಣ್ಣ ಜಗಳವೇ ಆಯಿತು. "ಸಪ್ಪನ ಚಹಾ ಕೊಟ್ರ ಏನಂದಾರು, ನಮ್ಮ ಮನೀ ಮರ್ಯಾದಿ ಏನ್ ಉಳೀತು?" ಎಂದು ಮಗ ಸಿಡುಕಿದ. ಅಕ್ಕ ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿ ಹಾಕಿ, ಚಮಚವಿಟ್ಟು, ತಟ್ಟೆಯನ್ನು ಬೀಗರ ಮುಂದಿರಿಸಿ, "ನಮ್ಮಲ್ಲೀಗ ಹಿಂಗ ಮಾಡ್ತೀವ್ರಿ, ನಿಮಗ ಎಷ್ಟ ಬೇಕೋ ಹಾಕ್ಕೋರಿ" ಎಂದಳು. ಹಿರಿಯ ಬೀಗರು ಸಕ್ಕರೆಯ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಯವ್ವಾ, ನನಗೂ ಡಾಕ್ಟರು ಬ್ಯಾಡ ಅಂದು ನಾಕು ವರ್ಷ ಆತು. ಮಂದಿ ಮನ್ಯಾಗ ಹೇಳಾಕ ನಾಚಿಕಿ ಆಕ್ಕಿತ್ತು" ಎಂದು ಸಪ್ಪನ ಚಹಾವನ್ನೇ ಬಸಿಗೆ ಹೊಯ್ದುಕೊಂಡು ಕುಡಿದರು.